ಕಥೆ ಯಾರದು, ಯಾವಾಗ ಹೇಳಬೇಕು: ಕೆನಡಾದ ಮೂಲನಿವಾಸಿ ನಾಟಕಕಾರರ ಹೊಸ ರಂಗಕೃತಿಗಳು

ಟೊರಾಂಟೊ ನಗರದ ರೀಜೆಂಟ್ ಪಾರ್ಕ್ ಬಡಾವಣೆಯಲ್ಲಿ ಆಕಿ ಸ್ಟುಡಿಯೋ ಎಂಬ ಸಣ್ಣ ರಂಗಮಂದಿರವಿದೆ. ಅದು ನೇಟಿವ್ ಅರ್ಥ್ ಪರ್ಫಾರ್ಮಿಂಗ್ ಆರ್ಟ್ಸ್ ತಂಡದ ಮನೆ. 1982ರಲ್ಲಿ ಹುಟ್ಟಿದ ಈ ತಂಡ 1988ರಿಂದ 'ವೀಸಾಗೀಚಾಕ್ ಬಿಗಿನ್ಸ್ ಟು ಡಾನ್ಸ್' ಎಂಬ ಉತ್ಸವ ನಡೆಸುತ್ತ ಬಂದಿದೆ, ಸಾಮಾನ್ಯವಾಗಿ ನವೆಂಬರ್‌ನಲ್ಲಿ. ವೀಸಾಗೀಚಾಕ್ ಎಂದರೆ ಕ್ರೀ ಜನರ ಕಥೆಗಳಲ್ಲಿ ಬರುವ ಮಾಯಾವಿ. ತುಂಟಾಟ ಮಾಡುತ್ತಲೇ ಬದುಕು ಕಲಿಸುವವನು, ಬೇಕಾದ ರೂಪ ತಾಳುವವನು. ಈ ಉತ್ಸವಕ್ಕೆ ಬರುವ ಬಹುಪಾಲು ಕೃತಿಗಳು ಇನ್ನೂ ಬೆಳೆಯುತ್ತಿರುವಂಥವು. ಎಲ್ಲೋ ಒಂದು ದೃಶ್ಯ, ಎಲ್ಲೋ ಮೊದಲ ಕರಡು, ಎಲ್ಲೋ ಕುಣಿತಕ್ಕೆ ಮಾತು ಸೇರಿಸುವ ಪ್ರಯತ್ನ. ನಾಟಕಕಾರರು ತಮ್ಮ ಸಮುದಾಯದವರ ಮುಂದೆ, ಜೊತೆಯ ಕಲಾವಿದರ ಮುಂದೆ, ಟಿಕೆಟ್ ಕೊಂಡು ಬಂದ ಅಪರಿಚಿತರ ಮುಂದೆ ಅದನ್ನು ಇಟ್ಟು ನೋಡುತ್ತಾರೆ.

ಕೆನಡಾದಲ್ಲಷ್ಟೇ ಅಲ್ಲ, ಆಸ್ಟ್ರೇಲಿಯಾದಲ್ಲೂ ನ್ಯೂಜಿಲೆಂಡಿನಲ್ಲೂ ಇಂಥ ಉತ್ಸವಗಳು ಈಗ ನೆಲೆಯೂರಿವೆ. ಸಿಡ್ನಿಯ ಮೂಗಾಲಿನ್ ತಂಡ 2013ರಲ್ಲಿ ಆರಂಭಿಸಿದ 'ಯೆಲ್ಲಮುಂಡಿ' ಉತ್ಸವದ ಉದ್ದೇಶವೂ ಹೊಸ ನಾಟಕ ಬೆಳೆಸುವುದೇ. ಹೀಗೆ ಉತ್ಸವಗಳಲ್ಲಿ ಓದಿ ತೋರಿಸಿದ ಕೃತಿಗಳೆಲ್ಲ ಪೂರ್ಣ ಪ್ರಯೋಗದವರೆಗೆ ಹೋಗುವುದಿಲ್ಲ. ಪ್ರತಿಭೆಯ ಕೊರತೆಯಿಂದ ಹೀಗಾಗುತ್ತದೆ ಎಂದರೆ ನಾವು ಒಪ್ಪುವುದಿಲ್ಲ. ಒಬ್ಬ ಲೇಖಕ, ಒಂದು ಅಂತಿಮ ಪ್ರತಿ, ಆರು ವಾರದ ತಾಲೀಮು, ಮೊದಲೇ ಗೊತ್ತುಮಾಡಿದ ತಾರೀಖು: ಈ ಲೆಕ್ಕದ ಮೇಲೆ ನಿಂತ ರಂಗವ್ಯವಸ್ಥೆಗೆ, ಯಜಮಾನಿಕೆಯೂ ಋತುವೂ ಇರುವ ಕಥೆಯನ್ನು ಹೇಗೆ ನಡೆಸಿಕೊಳ್ಳಬೇಕೆಂದು ಇನ್ನೂ ಸರಿಯಾಗಿ ತಿಳಿದಿಲ್ಲ.

ನಿಷೇಧದ ನೆರಳು

ಮೂಲನಿವಾಸಿಗಳಿಗೆಂದೇ ಮಾಡಿದ ಕೆನಡಾದ ಇಂಡಿಯನ್ ಆ್ಯಕ್ಟ್‌ಗೆ 1884ರಲ್ಲಿ ತಂದ ತಿದ್ದುಪಡಿ ಪಶ್ಚಿಮ ಕರಾವಳಿಯ ಪಾಟ್‌ಲ್ಯಾಚ್ ಸಮಾರಂಭವನ್ನು ಅಪರಾಧವೆಂದು ಸಾರಿತು. ಅದು ರದ್ದಾದದ್ದು 1951ರಲ್ಲಿ. ಪಾಟ್‌ಲ್ಯಾಚ್ ಎಂದರೆ ಹೆಸರು, ಹಾಡು, ಕುಣಿತ, ಮುಖವಾಡಗಳ ಹಕ್ಕನ್ನು ಒಂದು ಮನೆತನ ಎಲ್ಲರ ಸಮಕ್ಷಮ ಸಾರಿ ಹೇಳುವ ಸಭೆ. ಬಂದವರಿಗೆ ಉಡುಗೊರೆ ಕೊಡುವುದು ಬರೀ ಔದಾರ್ಯಕ್ಕಲ್ಲ. ಉಡುಗೊರೆ ಪಡೆದವರು ಸಾಕ್ಷಿಗಳು, ಕಂಡದ್ದನ್ನು ನೆನಪಿಟ್ಟುಕೊಂಡು ಮುಂದೆ ಕೇಳಿದಾಗ ಹೇಳಬೇಕಾದವರು. 1921ರ ಕ್ರಿಸ್‌ಮಸ್ ಹೊತ್ತಿಗೆ ವಿಲೇಜ್ ಐಲೆಂಡ್‌ನಲ್ಲಿ ಕದ್ದುಮುಚ್ಚಿ ನಡೆದ ದೊಡ್ಡ ಪಾಟ್‌ಲ್ಯಾಚ್‌ನ ಮೇಲೆ ಕೇಸು ಬಿತ್ತು. ಭಾಷಣ ಮಾಡಿದ್ದಕ್ಕೆ, ಕುಣಿದದ್ದಕ್ಕೆ, ಉಡುಗೊರೆ ಹೊತ್ತು ತಂದದ್ದಕ್ಕೆ ಜನ ಜೈಲು ಕಂಡರು, ಮುಖವಾಡಗಳು ವಸ್ತುಸಂಗ್ರಹಾಲಯಗಳ ಪಾಲಾದವು. ವಸತಿಶಾಲೆಗಳ ಕಥೆ ಇನ್ನೂ ಕಠೋರ. ಒಂದೂವರೆ ಲಕ್ಷಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರ ಮಾಡಿ, ತಾಯ್ನುಡಿ ಆಡಿದರೆ ಶಿಕ್ಷಿಸುತ್ತಿದ್ದ ಈ ಶಾಲೆಗಳು 1990ರ ದಶಕದವರೆಗೂ ನಡೆದವು. ಅಜ್ಜಿಯಿಂದ ಮೊಮ್ಮಗುವಿಗೆ ಕಥೆ ದಾಟುವ ದಾರಿಯನ್ನೇ ಅವು ಕಡಿದವು.

ಹಾಗಾಗಿ ಇಂದಿನ ನಾಟಕಕಾರರ ಕೈಗೆ ಕಥೆ ಸುಲಭವಾಗಿ ಸಿಗುವುದಿಲ್ಲ. ಅರ್ಧ ಗೊತ್ತಿರುತ್ತದೆ, ಉಳಿದರ್ಧ ಯಾವುದೋ ಊರಿನ ಹಿರಿಯರೊಬ್ಬರ ನೆನಪಿನಲ್ಲೋ, ಮಾನವಶಾಸ್ತ್ರಜ್ಞನೊಬ್ಬ ಬರೆದಿಟ್ಟ ಟಿಪ್ಪಣಿಯಲ್ಲೋ ಇರುತ್ತದೆ. ನಾಟಕ ಬರೆಯುವುದೆಂದರೆ ಇವರ ಪಾಲಿಗೆ ಮುರಿದದ್ದನ್ನು ಕೂಡಿಸುವ ಕೆಲಸವೂ ಹೌದು.

ಕ್ರೀ ನಾಟಕಕಾರ ಟಾಮ್ಸನ್ ಹೈವೇ ಅವರ 'ದಿ ರೆಜ್ ಸಿಸ್ಟರ್ಸ್' (1986) ಈ ದಾರಿಯಲ್ಲಿ ತಿರುವು ತಂದ ನಾಟಕ. ಟೊರಾಂಟೊದಲ್ಲಿ ತೆರೆ ಕಾಣುವ ಮೊದಲು ಅದೇ ವರ್ಷ ಮನಿಟೂಲಿನ್ ದ್ವೀಪದಲ್ಲಿ, ಅಲ್ಲಿನ ಡೆಬಾಜೆಮುಜಿಗ್ ತಂಡದ ಆಶ್ರಯದಲ್ಲಿ, ಅದರ ಕಾರ್ಯಾಗಾರ ನಡೆದಿತ್ತು. ಕಥೆ ಕೇಳಲು ಸಾದಾ: ಮೂಲನಿವಾಸಿಗಳ ಒಂದು ಮೀಸಲು ಪ್ರದೇಶದ ಏಳು ಹೆಂಗಸರು ಟೊರಾಂಟೊದಲ್ಲಿ ನಡೆಯುವ 'ಪ್ರಪಂಚದ ಅತಿ ದೊಡ್ಡ ಬಿಂಗೊ' ಆಡಲು ಹೊರಡುತ್ತಾರೆ. ಮೊದಲ ದೃಶ್ಯದಲ್ಲಿ ಪೆಲಾಜಿಯಾ ಎಂಬಾಕೆ ಮನೆಯ ಮಾಡು ಹತ್ತಿ ಸುತ್ತಿಗೆಯಲ್ಲಿ ಮೊಳೆ ಹೊಡೆಯುತ್ತ, ಈ ಊರು ಬಿಟ್ಟು ಹೋಗಬೇಕು ಎನ್ನುತ್ತಾಳೆ. ಬೈಗುಳ, ಜಗಳ, ನಗು ಇವೆಲ್ಲ ವಾಸ್ತವವಾದಿ ನಾಟಕದಂತೆಯೇ ಸಾಗುತ್ತವೆ. ಆದರೆ ಇದರ ನಡುವೆ ನಾನಾಬುಶ್ ಇದ್ದಾನೆ. ಓಜಿಬ್ವೆ ಜನರು ಆ ಮಾಯಾವಿಯನ್ನು ಕರೆಯುವುದು ಹೀಗೆ. ಮೊದಲು ಬಿಳಿಯ ಕಡಲಹಕ್ಕಿಯಾಗಿ ಬರುತ್ತಾನೆ. ಅವನು ಕಾಣುವುದು ಇಬ್ಬರಿಗೆ ಮಾತ್ರ: ಕ್ಯಾನ್ಸರ್ ತಗುಲಿದ ಮರಿ-ಅಡೆಲ್‌ಗೆ, ಬುದ್ಧಿ ಬೆಳೆಯದ ಹುಡುಗಿ ಜಬೂನಿಗನ್‌ಗೆ. ಕೊನೆಗೆ ಬಿಂಗೊ ಆಡಿಸುವ ಯಜಮಾನನ ವೇಷದಲ್ಲಿ ಬಂದು, ಮರಿ-ಅಡೆಲ್ ಜೊತೆ ಕುಣಿಯುತ್ತ, ಕಪ್ಪು ಇರುಳಹಕ್ಕಿಯಾಗಿ ಅವಳನ್ನು ಆಚೆಯ ಲೋಕಕ್ಕೆ ಕರೆದೊಯ್ಯುತ್ತಾನೆ. ಮಿಕ್ಕವರು ಊರಿಗೆ ಮರಳುತ್ತಾರೆ, ಪೆಲಾಜಿಯಾ ಮತ್ತೆ ಮಾಡು ಹತ್ತುತ್ತಾಳೆ.

ಈ ನಾಟಕದಲ್ಲಿ ಪುರಾಣದ ಪ್ರಸಂಗ ಒಂದೂ ಇಲ್ಲ. ಕಥೆ ಹೇಳುವ ಪದ್ಧತಿ ಮಾತ್ರ ಪೂರ್ತಿ ಇದೆ: ಸತ್ತವರು, ಪ್ರಾಣಿಗಳು, ಮನುಷ್ಯರು ಒಂದೇ ಅಂಗಳದಲ್ಲಿ ಓಡಾಡುತ್ತಾರೆ, ಅದಕ್ಕೆ ಯಾರೂ ವಿವರಣೆ ಕೊಡುವುದಿಲ್ಲ. ಕ್ರೀ ಮತ್ತು ಓಜಿಬ್ವೆ ಭಾಷೆಗಳ ವ್ಯಾಕರಣ ಗಂಡು ಹೆಣ್ಣು ಎಂದು ವಿಂಗಡಿಸುವುದಿಲ್ಲ, ಜೀವವಿದೆಯೋ ಇಲ್ಲವೋ ಎಂದಷ್ಟೇ ನೋಡುತ್ತದೆ. ಹಾಗಾಗಿ ಈ ನಾಟಕದಲ್ಲಿ ನಾನಾಬುಶ್ ಗಂಡು ನರ್ತಕ, 1989ರ 'ಡ್ರೈ ಲಿಪ್ಸ್ ಆಟ್ ಟು ಮೂವ್ ಟು ಕಪುಸ್ಕೇಸಿಂಗ್'ನಲ್ಲಿ ಹೆಣ್ಣು. ಪರಂಪರೆಯಲ್ಲಿ ಬೇರೂರಿದ ನಾಟಕವೆಂದರೆ ಗರಿ ತೊಟ್ಟು ಡೋಲು ಬಾರಿಸುವುದು ಎಂದುಕೊಂಡ ನಿರ್ದೇಶಕರು ಎಡವುವುದು ಇಲ್ಲೇ. ನಾನಾಬುಶ್‌ನನ್ನು ಹಿನ್ನೆಲೆಯ ಅಲಂಕಾರ ಮಾಡಿಬಿಟ್ಟರೆ ಏಳು ಹೆಂಗಸರ ಜಗಳವಷ್ಟೇ ಉಳಿಯುತ್ತದೆ.

ಹಿಮ ಬಿದ್ದ ಮೇಲೆ ಹೇಳುವ ಕಥೆ

ಅನಿಶಿನಾಬೆ (ಓಜಿಬ್ವೆ ಮತ್ತು ಅವರ ಬಂಧು ಜನಾಂಗಗಳು) ಮತ್ತು ಕ್ರೀ ಸಂಪ್ರದಾಯದಲ್ಲಿ ಕಥೆಗಳು ಎರಡು ಬಗೆ. ನಡೆದ ಸಂಗತಿ, ಊರಿನ ಸುದ್ದಿ, ಮನೆತನದ ನೆನಪು ಒಂದು ಬಗೆ. ಇವನ್ನು ಯಾವಾಗ ಬೇಕಾದರೂ ಹೇಳಬಹುದು. ಸೃಷ್ಟಿಯ ಕಥೆ, ಮಾಯಾವಿಯ ಕಥೆಗಳು ಇನ್ನೊಂದು ಬಗೆ. ಇವು ತಾವೇ ಜೀವವುಳ್ಳವು ಎಂಬ ನಂಬಿಕೆ. ಅನೇಕ ಸಮುದಾಯಗಳಲ್ಲಿ ಇವನ್ನು ನೆಲದ ಮೇಲೆ ಹಿಮ ಇರುವಾಗ ಮಾತ್ರ ಹೇಳುವುದು ರೂಢಿ. ಪಶ್ಚಿಮ ಕರಾವಳಿಗೆ ಹೋದರೆ ನಿಯಮವೇ ಬೇರೆ, ಅಲ್ಲಿ ಪ್ರಶ್ನೆ ಒಡೆತನದ್ದು. ಗಿಟ್‌ಕ್ಸಾನ್ ಜನರಲ್ಲಿ ಕಥೆ ಮತ್ತು ಹಾಡು ಒಂದೊಂದು ಕುಲಮನೆಗೆ ಸೇರಿದ್ದು. ಆ ಮನೆಯ ಭೂಮಿಗೆ ಅದೇ ದಾಖಲೆ.

ಇದರ ತೂಕ ಗೊತ್ತಾಗಬೇಕಾದರೆ ಒಂದು ನ್ಯಾಯಾಲಯದ ಪ್ರಸಂಗ ನೋಡಬೇಕು. 1987ರಲ್ಲಿ ಗಿಟ್‌ಕ್ಸಾನ್ ಮತ್ತು ವೆಟ್‌ಸುವೆಟೆನ್ ಜನರು ತಮ್ಮ ಭೂಮಿಯ ಹಕ್ಕಿಗಾಗಿ ಹೂಡಿದ ದಾವೆಯ ವಿಚಾರಣೆ ನಡೆಯುತ್ತಿತ್ತು. ಮೇರಿ ಜಾನ್ಸನ್ ಎಂಬ ಹಿರಿಯ ಮುಖ್ಯಸ್ಥೆ ಸಾಕ್ಷ್ಯದ ನಡುವೆ ತಮ್ಮ ಕುಲಮನೆಯ ಹಾಡು ಹಾಡಲು ಮುಂದಾದರು. ನ್ಯಾಯಾಧೀಶ ಅಲನ್ ಮೆಕೀಚರ್ನ್ ಅಡ್ಡಿ ಮಾಡಿದರು: ತಮಗೆ ಸಂಗೀತದ ಕಿವಿಯಿಲ್ಲ, ತಮ್ಮೆದುರು ಹಾಡಿ ಉಪಯೋಗವಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಆಕೆ ಹಾಡಿದರು. 1991ರ ತೀರ್ಪು ಮೌಖಿಕ ಪರಂಪರೆಗೆ ಬೆಲೆ ಕೊಡಲಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟ್ ಡೆಲ್ಗಮೂಕ್ ಪ್ರಕರಣವೆಂದೇ ಹೆಸರಾದ ಈ ದಾವೆಯಲ್ಲಿ ಆ ತೀರ್ಪನ್ನು ಬದಿಗೊತ್ತಿ, ಮೌಖಿಕ ಇತಿಹಾಸವನ್ನೂ ಲಿಖಿತ ದಾಖಲೆಯ ಸರಿಸಮಾನವಾಗಿ ಪರಿಗಣಿಸಬೇಕು ಎಂದಿತು. ಇಂಥ ಹಾಡೊಂದನ್ನು ಯಾವುದೋ ತಂಡ ಹಿನ್ನೆಲೆ ಸಂಗೀತಕ್ಕೆ ಎತ್ತಿಕೊಂಡರೆ ಅದು ಆ ಮನೆಯ ದಸ್ತಾವೇಜನ್ನೇ ಎತ್ತಿಕೊಂಡಂತೆ.

ಆದ್ದರಿಂದ ಈ ನಾಟಕಗಳ ಮೊದಲ ಕೆಲಸ ಬರವಣಿಗೆಯದ್ದಲ್ಲ. ಕಥೆ ಯಾವ ಮನೆಯದು, ಯಾವ ಊರಿನದು, ಅದನ್ನು ಹೇಳುವ ಅಧಿಕಾರ ಈಗ ಯಾರಲ್ಲಿದೆ ಎಂದು ತಿಳಿಯಬೇಕು. ಹಿರಿಯರ ಬಳಿ ಹೋಗಿ ಕೇಳಬೇಕು. ಕ್ರೀ, ಅನಿಶಿನಾಬೆ ಊರುಗಳಲ್ಲಿ ಕೇಳುವ ಮೊದಲು ಹೊಗೆಸೊಪ್ಪು ಅರ್ಪಿಸುವುದು ವಾಡಿಕೆ. ಅವರು ತೆಗೆದುಕೊಂಡರೆ ಮಾತು ಮುಂದುವರಿಯುತ್ತದೆ. ಇದೇ ಪದ್ಧತಿಯನ್ನು ಕರಾವಳಿಗೋ ಉತ್ತರದ ಹಿಮಸೀಮೆಯ ಇನುಯಿಟ್ ಜನರ ಊರಿಗೋ ಒಯ್ದರೆ ಹೊಂದುವುದಿಲ್ಲ, ಅಲ್ಲಲ್ಲಿನ ಕ್ರಮ ಅಲ್ಲಲ್ಲಿ ಕೇಳಿಯೇ ತಿಳಿಯಬೇಕು. ಒಪ್ಪಿಗೆ ಸಿಕ್ಕ ಮೇಲೂ ಯಾವುದಕ್ಕೆ ಸಿಕ್ಕಿತು ಎಂಬುದು ಸ್ಪಷ್ಟವಿರಬೇಕು: ಓದಲಿಕ್ಕೋ, ಆಡಲಿಕ್ಕೋ, ಅಚ್ಚು ಹಾಕಲಿಕ್ಕೋ, ವಿಡಿಯೊಗೋ. ಕೋವಿಡ್ ಕಾಲದಲ್ಲಿ ರಂಗಮಂದಿರಗಳು ಮುಚ್ಚಿ ಎಲ್ಲವೂ ಆನ್‌ಲೈನ್ ಆದಾಗ ಈ ಭೇದ ಮುಖ್ಯವಾಯಿತು. ಎದುರು ಕೂತವರಿಗೆಂದು ಚಳಿಗಾಲದಲ್ಲಿ ಹೇಳಿದ ಕಥೆ ಯೂಟ್ಯೂಬ್‌ನಲ್ಲಿ ಉಳಿದರೆ ಜುಲೈ ತಿಂಗಳಲ್ಲೂ ಕೇಳುತ್ತದೆ, ಯಾರು ಕೇಳುತ್ತಿದ್ದಾರೆಂದೂ ಗೊತ್ತಾಗುವುದಿಲ್ಲ. ನಾಟಕಕ್ಕೆ ಒಪ್ಪಿದ ಹಿರಿಯರು ರೆಕಾರ್ಡಿಂಗ್‌ಗೆ ಒಪ್ಪಿರಬೇಕೆಂದಿಲ್ಲ. ಎರಡಕ್ಕೂ ಬೇರೆ ಬೇರೆ ಮಾತಾಡಬೇಕು, ರೆಕಾರ್ಡಿಂಗ್ ಯಾವಾಗ ಅಳಿಸುತ್ತೇವೆ ಎಂಬುದನ್ನೂ ಸೇರಿಸಿ.

ಇಲ್ಲಿ ತಪ್ಪುವುದಕ್ಕೆ ಕಾರಣ ಕೆಟ್ಟ ಉದ್ದೇಶವೇ ಆಗಬೇಕಿಲ್ಲ, ಬಹುತೇಕ ಕ್ಯಾಲೆಂಡರ್ ಸಾಕು. ಅನುದಾನದ ಅರ್ಜಿಯಲ್ಲಿ ಕರಡು ಯಾವ ತಿಂಗಳು ಮುಗಿಯುತ್ತದೆ ಎಂದು ಬರೆಯಬೇಕು. ಹಿರಿಯರು ಯೋಚಿಸಿ ಹೇಳುತ್ತೇನೆ ಎಂದರೆ ಆ ಯೋಚನೆ ಒಂದು ಚಳಿಗಾಲ ಹಿಡಿಯಬಹುದು. ಬೇಡ ಎಂದರೆ ನಾಟಕದ ನಡುಗಂಬವೇ ಹೋಯಿತು. ಅನುಭವಿ ನಾಟಕಕಾರರು ಇದಕ್ಕೆ ಕಂಡುಕೊಂಡ ದಾರಿ ಹೈವೇ ಮಾಡಿದಂಥದ್ದೇ: ಪವಿತ್ರ ಕಥೆಯನ್ನು ಮುಟ್ಟದೆ, ಅದರ ನಡೆಯನ್ನು, ಪಾತ್ರದ ಸ್ವಭಾವವನ್ನು, ಕಾಲ ಸುತ್ತಿ ಬರುವ ರೀತಿಯನ್ನು ಇಂದಿನ ಕಥೆಗೆ ತರುವುದು.

ತಾಲೀಮಿನ ಕೋಣೆಯಲ್ಲಿ

ಇಪ್ಪತ್ತು ನಿಮಿಷದ ತುಣುಕನ್ನು ಓದಿ ತೋರಿಸಲು ಎರಡು ಮೂರು ದಿನದ ತಾಲೀಮು ಸಾಕು ಎಂಬುದು ಸಾಮಾನ್ಯ ಲೆಕ್ಕ. ಮೊದಲ ದಿನ ಮೇಜಿನ ಸುತ್ತ ಓದು, ಎರಡನೆಯ ದಿನ ತಿದ್ದಿದ ಪುಟಗಳು, ಮೂರನೆಯ ದಿನ ಸ್ಟ್ಯಾಂಡ್ ಮೇಲೆ ಪ್ರತಿ ಇಟ್ಟು ನಿಂತು ಓದು. ಕಥನ ಪರಂಪರೆಯ ನಾಟಕಕ್ಕೆ ಈ ಲೆಕ್ಕ ಸಾಲದು. ಹಾಡು ಕಲಿಯಬೇಕು, ಮೈ ಕಲಿಯಬೇಕು, ಭಾಷೆಯಂತೂ ನಟರಲ್ಲಿ ಎಷ್ಟೋ ಮಂದಿಗೆ ಹೊಸದು. 2021ರ ಜನಗಣತಿಯ ಪ್ರಕಾರ ಕೆನಡಾದಲ್ಲಿ ಸುಮಾರು 18 ಲಕ್ಷ ಮೂಲನಿವಾಸಿಗಳಿದ್ದರೆ, ಮೂಲನಿವಾಸಿ ಭಾಷೆಯೊಂದರಲ್ಲಿ ಮಾತಾಡಬಲ್ಲವರು ಸುಮಾರು 2.37 ಲಕ್ಷ ಮಾತ್ರ. ಕ್ರೀ ಭಾಷೆಯ ಒಳಗೇ ಉಪಭಾಷೆಗಳಿವೆ. 'ನಾನು' ಎನ್ನಲು ಬಯಲುಸೀಮೆಯವರು 'ನಿಯ' ಎಂದರೆ ಜೌಗುಸೀಮೆಯವರು 'ನಿನ', ಕಾಡುಸೀಮೆಯವರು 'ನಿಥ', ಮೂಸ್ ಫ್ಯಾಕ್ಟರಿ ಎಂಬ ಊರಿನ ಕಡೆಯವರು 'ನಿಲ' ಎನ್ನುತ್ತಾರೆ. ತಾಯಿ ಒಂದು ಸೀಮೆಯ ಮಾತಾಡಿ ಮಗಳು ಇನ್ನೊಂದು ಸೀಮೆಯ ಮಾತಾಡಿದರೆ ನಗರದ ಪ್ರೇಕ್ಷಕರಿಗೆ ತಿಳಿಯದು, ಊರಿನವರಿಗೆ ಮೊದಲ ಸಾಲಿನಲ್ಲೇ ತಿಳಿಯುತ್ತದೆ. ಪಾತ್ರ ಯಾವ ಊರಿನದೋ ಆ ಊರಿನ ಭಾಷಾ ಶಿಕ್ಷಕರನ್ನೇ ಕರೆಸಿ, ಸಂಭಾಷಣೆಯನ್ನು ಅವರ ದನಿಯಲ್ಲಿ ಮುದ್ರಿಸಿ, ತಾಲೀಮಿಗೆ ಕೆಲವು ವಾರ ಮೊದಲೇ ನಟರ ಫೋನಿಗೆ ಕಳಿಸುವುದು ಇದಕ್ಕೆ ಸರಿಯಾದ ಉಪಾಯ. ತಾಲೀಮು ಶುರುವಾದ ಮೇಲೆ ಹುಡುಕಹೊರಟರೆ ಸಿಕ್ಕವರಿಂದಲೇ ಕಲಿಯಬೇಕಾಗುತ್ತದೆ.

ತೆರೆಯ ಮೇಲೆ ಅನುವಾದ ತೋರಿಸುವುದೂ ಹೇಳಿದಷ್ಟು ಸುಲಭವಲ್ಲ. ಒಮ್ಮೆಗೆ ಎರಡು ಸಾಲು, ಸಾಲಿಗೆ ನಲವತ್ತು ಅಕ್ಷರದೊಳಗೆ ಹಿಡಿಸಬೇಕು. ನಟ ಹೇಳುವ ಮೊದಲೇ ಸಾಲು ಬಿದ್ದರೆ ನಗೆಮಾತು ಸತ್ತುಹೋಗುತ್ತದೆ, ತಡವಾಗಿ ಬಿದ್ದರೆ ಭಾಷೆ ಬಲ್ಲವರು ನಕ್ಕು ಮುಗಿಸಿದ ಮೇಲೆ ಉಳಿದವರು ನಗುತ್ತಾರೆ. ಅದಕ್ಕಿಂತ ದೊಡ್ಡ ತೊಡಕು, ಕಥೆಗಾರರ ಮಾತು ದಿನದಿನಕ್ಕೆ ಬದಲಾಗುವುದು. ಅಂಥ ಭಾಗಗಳಲ್ಲಿ ಸಾಲುಸಾಲಾಗಿ ಅನುವಾದಿಸದೆ ದೃಶ್ಯಕ್ಕೊಂದು ಸಾರಾಂಶ ಕೊಡುವುದು ಮೇಲು. ಕೆಲವು ನಾಟಕಕಾರರು ಅನುವಾದವನ್ನೇ ಕೊಡುವುದಿಲ್ಲ, ತಮ್ಮವರಿಗೆ ತಮ್ಮ ಮಾತು ಮೊದಲು ಮುಟ್ಟಲಿ ಎಂದು. ಅದೂ ನ್ಯಾಯವಾದ ನಿಲುವೇ.

ದಿನದ ಕೆಲಸ ಆರಂಭಿಸುವಾಗ ಸೇಜ್, ಸ್ವೀಟ್‌ಗ್ರಾಸ್, ದೇವದಾರು ಜಾತಿಯ ಎಲೆ ಇವುಗಳ ಧೂಪ ಹಾಕುವುದು ಅನೇಕ ತಂಡಗಳಲ್ಲಿ ರೂಢಿ. ಬಾಡಿಗೆ ಮಂದಿರದಲ್ಲಿ ಇದೇ ದೊಡ್ಡ ರಗಳೆಯಾಗುವುದುಂಟು. ಹೊಗೆಗೆ ಅಲಾರಾಂ ಹೊಡೆದು ಕಟ್ಟಡವೇ ಖಾಲಿಯಾದರೆ ಅರ್ಧ ದಿನ ಹೋದಂತೆ. ಆ ಕೋಣೆಯ ಹೊಗೆಸೂಚಕವನ್ನು ಮಾತ್ರ ತಾತ್ಕಾಲಿಕವಾಗಿ ಬೇರ್ಪಡಿಸಿ, ಭದ್ರತೆಯವರಿಗೆ ಸಮಯ ತಿಳಿಸಿ, ಬೆಂಕಿ ನೋಡಿಕೊಳ್ಳಲು ಒಬ್ಬರನ್ನು ನಿಲ್ಲಿಸಿ, ಮುಗಿದ ಮೇಲೆ ಸೂಚಕ ಮತ್ತೆ ಹಚ್ಚಿದ್ದನ್ನು ಖಾತರಿ ಮಾಡಿಕೊಳ್ಳಬೇಕು. ಒಪ್ಪಂದ ಬರೆಯುವಾಗಲೇ ಇದನ್ನು ಸೇರಿಸಿದರೆ ಪ್ರತಿದಿನ ಅಂಗಲಾಚುವುದು ತಪ್ಪುತ್ತದೆ. ತಂಡದಲ್ಲಿ ಉಬ್ಬಸ ಇರುವವರಿದ್ದರೆ ಧೂಪವನ್ನು ಹೊರಗಡೆ ಹಾಕಬಹುದು.

ಹಿರಿಯರೊಬ್ಬರು ತಾಲೀಮಿನಲ್ಲಿ ಕೂತಿರುವುದನ್ನು ಗೌರವದ ಹಾಜರಿ ಎಂದು ಎಣಿಸಬಾರದು. ವಸತಿಶಾಲೆಯ ದೃಶ್ಯ ಆಡುವ ನಟಿಯ ಸ್ವಂತ ಅಜ್ಜಿಯೇ ಆ ಶಾಲೆಯಲ್ಲಿದ್ದವರಾಗಿರಬಹುದು. ಅಂಥ ದಿನ ಯಾರು ಜೊತೆಗಿರುತ್ತಾರೆ, ತಾಲೀಮು ಎಷ್ಟು ಹೊತ್ತಿಗೆ ನಿಲ್ಲಿಸಬಹುದು, ಪ್ರದರ್ಶನದ ರಾತ್ರಿ ಪ್ರೇಕ್ಷಕರಲ್ಲಿ ಯಾರಾದರೂ ಕುಸಿದರೆ ಎಲ್ಲಿ ಕೂರಿಸಬೇಕು ಎಂಬುದೆಲ್ಲ ನಿರ್ಮಾಣದ ಕೆಲಸವೇ. ಅದಕ್ಕೆ ಬಜೆಟ್‌ನಲ್ಲಿ ಸಾಲು ಬೇಕು. ಹಿರಿಯರ ಗೌರವಧನವನ್ನು ಅದೇ ದಿನ ಕೈಗೆ ಕೊಡಬೇಕು, ಬಿಲ್ಲು ಹಾಕಿ ಎರಡು ತಿಂಗಳು ಕಾಯಿರಿ ಎನ್ನುವುದು ಅವಮಾನ.

ಓದಿನಿಂದ ರಂಗಕ್ಕೆ

2019ರ ಸೆಪ್ಟೆಂಬರ್‌ನಲ್ಲಿ ಒಟ್ಟಾವಾದ ನ್ಯಾಷನಲ್ ಆರ್ಟ್ಸ್ ಸೆಂಟರ್ ಮೂಲನಿವಾಸಿ ರಂಗವಿಭಾಗದ ಮೊದಲ ಹಂಗಾಮು ತೆರೆಯಿತು. ನ್ಲಕಾಪಮುಕ್ ಜನಾಂಗದ ನಾಟಕಕಾರ ಕೆವಿನ್ ಲೋರಿಂಗ್ ಅದರ ಕಲಾನಿರ್ದೇಶಕರಾಗಿದ್ದರು. ಇಂಗ್ಲಿಷ್, ಫ್ರೆಂಚ್ ವಿಭಾಗಗಳ ಪಕ್ಕದಲ್ಲಿ ಸರಿಸಮಾನ ಸ್ಥಾನ ಎಂಬುದು ಇದರ ಮಹತ್ವ. ಆದರೆ ಅದೇ ವರ್ಷದ ಒಕ್ಕೂಟ ಬಜೆಟ್‌ನಲ್ಲಿ ಇದಕ್ಕೆಂದು ಕೇಳಿದ ಹೆಚ್ಚುವರಿ ಹಣ ಸಿಗಲಿಲ್ಲ. ನಾಲ್ಕು ವರ್ಷ ಮೊದಲು, ವಸತಿಶಾಲೆಗಳ ಇತಿಹಾಸ ಪರಿಶೀಲಿಸಿದ ಸತ್ಯ ಮತ್ತು ಸಂಧಾನ ಆಯೋಗ 94 ಶಿಫಾರಸು ಮಾಡಿತ್ತು, ಕಲೆಯ ಪ್ರಸ್ತಾಪವೂ ಅದರಲ್ಲಿತ್ತು. ಓದಿನ ಉತ್ಸವಕ್ಕೆ ನಾಲ್ಕಾರು ನಟರು, ಒಂದು ಕೋಣೆ, ಒಂದು ವಾರ ಸಾಕು. ಪೂರ್ಣ ಪ್ರಯೋಗಕ್ಕೆ ಇವೆಲ್ಲದರ ಜೊತೆ ರಂಗಸಜ್ಜಿಕೆ, ಬೆಳಕು, ವಾರಗಟ್ಟಲೆ ಸಂಬಳ, ಪ್ರವಾಸ ಬೇಕು. ಹೊಸ ಕೃತಿಗಳು ಕಾಲ್ತೊಡರಿ ನಿಲ್ಲುವುದು ಈ ಅಂತರದಲ್ಲಿ.

ದೊಡ್ಡ ಮಂದಿರಗಳು ಆಯ್ಕೆ ಮಾಡುವಾಗ ನೋವಿನ ನಾಟಕಗಳತ್ತ ವಾಲುತ್ತವೆ ಎಂಬ ದೂರೂ ಇದೆ, ಅದರಲ್ಲಿ ಹುರುಳಿದೆ. ಕಥನ ಪರಂಪರೆಯ ಬೆನ್ನೆಲುಬು ನಗು. ಡ್ರೂ ಹೇಡನ್ ಟೇಲರ್ ಅವರ 'ಕಾಟೇಜರ್ಸ್ ಆ್ಯಂಡ್ ಇಂಡಿಯನ್ಸ್' 2018ರಲ್ಲಿ ಟೊರಾಂಟೊದ ಟ್ಯಾರಗನ್ ಥಿಯೇಟರ್‌ನಲ್ಲಿ ಬಂತು. ಕೆರೆಯಲ್ಲಿ ಕಾಡುಭತ್ತ ಬೆಳೆಸುವ ಅನಿಶಿನಾಬೆ ಗಂಡಸು, ದೋಣಿ ಓಡಿಸಲು ತೊಂದರೆಯೆಂದು ತಕರಾರು ಮಾಡುವ ಬಿಳಿಯ ಬೇಸಿಗೆಮನೆಯೊಡತಿ, ಇಬ್ಬರೇ ಪಾತ್ರಗಳು. ಇಬ್ಬರೂ ಪ್ರೇಕ್ಷಕರಿಗೇ ನೇರವಾಗಿ ತಮ್ಮ ವಾದ ಹೇಳಿಕೊಳ್ಳುತ್ತಾರೆ. ಭೂಮಿಯ ಪ್ರಶ್ನೆ, ಆಹಾರದ ಪ್ರಶ್ನೆ ಎರಡೂ ನಗುನಗುತ್ತಲೇ ಬರುತ್ತವೆ. ಇಬ್ಬರು ನಟರ ನಾಟಕ ಸಣ್ಣ ಊರಿಗೂ ಹೋಗಬಲ್ಲದು ಎಂಬ ವ್ಯಾವಹಾರಿಕ ಲಾಭವೂ ಇದೆ.

ಯಾರು ಆಡಬೇಕು ಎಂಬ ಜಗಳ ಇನ್ನೂ ಮುಗಿದಿಲ್ಲ. 2018ರಲ್ಲಿ ಕ್ವಿಬೆಕ್‌ನ ನಿರ್ದೇಶಕ ರೊಬೇರ್ ಲೆಪಾಜ್ ಪ್ಯಾರಿಸ್‌ನ ಥಿಯಾತ್ರ್ ದು ಸೊಲೇಯ್ ತಂಡದೊಂದಿಗೆ ಮೂಲನಿವಾಸಿಗಳ ಇತಿಹಾಸ ಕುರಿತು 'ಕನಾಟಾ' ಕಟ್ಟುತ್ತಿದ್ದರು, ತಂಡದಲ್ಲಿ ಮೂಲನಿವಾಸಿ ನಟರಿರಲಿಲ್ಲ. ಜುಲೈನಲ್ಲಿ ಮೂಲನಿವಾಸಿ ಕಲಾವಿದರು ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದರು, ಸಹನಿರ್ಮಾಪಕರು ಹಿಂದೆ ಸರಿದರು, ಕೊನೆಗೆ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಅದರ ಒಂದು ಭಾಗವಷ್ಟೇ ಪ್ರದರ್ಶನ ಕಂಡಿತು. ಇನ್ನೊಂದು ದನಿಯನ್ನೂ ಕೇಳಬೇಕು. ಮೂಲನಿವಾಸಿ ನಟರೇ ಬೇಕೆಂಬ ಕಟ್ಟುಪಾಡಿನಿಂದ ನಾಟಕಗಳೇ ರಂಗಕ್ಕೆ ಬರುತ್ತಿಲ್ಲ ಎಂದು ಸ್ವತಃ ಟಾಮ್ಸನ್ ಹೈವೇ 2001ರ ಪ್ರಬಂಧವೊಂದರಲ್ಲಿ ವಾದಿಸಿದ್ದರು. ನಮ್ಮ ಎಣಿಕೆಯಲ್ಲಿ ಇಲ್ಲಿ ಎರಡು ಪ್ರಶ್ನೆ ಕಲಸಿಹೋಗಿವೆ. ಹೈವೇ ತಾವೇ ಬರೆದ ನಾಟಕಕ್ಕೆ ತಾವೇ ಒಪ್ಪಿಗೆ ಕೊಡುತ್ತಿದ್ದರು, 'ಕನಾಟಾ'ದಲ್ಲಿ ಒಪ್ಪಿಗೆ ಕೇಳುವ ಹೆಜ್ಜೆಯೇ ಸಾಲದಾಗಿತ್ತು.

ಕಾನೂನು ಈ ಅಂತರವನ್ನು ತುಂಬುವುದಿಲ್ಲ. ಕೆನಡಾದ ಹಕ್ಕುಸ್ವಾಮ್ಯ ಲೇಖಕರ ಜೀವಿತಾವಧಿ ಮತ್ತು ನಂತರದ 70 ವರ್ಷ. 2022ರ ಕೊನೆಯವರೆಗೂ ಅದು 50 ಇತ್ತು. ಲೇಖಕನೇ ಇಲ್ಲದ, ತಲೆಮಾರುಗಳಿಂದ ಬಂದ ಕಥೆ ಈ ಲೆಕ್ಕದಲ್ಲಿ ಯಾರದ್ದೂ ಅಲ್ಲ, ಅದನ್ನು ಮೊದಲು ಬರೆದಿಟ್ಟವನ ಬರಹಕ್ಕೆ ಮಾತ್ರ ರಕ್ಷಣೆ. ವಿಶ್ವಸಂಸ್ಥೆಯ 2007ರ ಮೂಲನಿವಾಸಿ ಹಕ್ಕುಗಳ ಘೋಷಣೆಯ 31ನೇ ವಿಧಿ ಮೌಖಿಕ ಪರಂಪರೆಯ ಮೇಲೆ ಆ ಜನರದೇ ಹಿಡಿತವನ್ನು ಒಪ್ಪುತ್ತದೆ. ಅಂದು ವಿರುದ್ಧ ಮತ ಹಾಕಿದ ನಾಲ್ಕು ದೇಶಗಳಲ್ಲಿ ಕೆನಡಾವೂ ಒಂದು. 2021ರಲ್ಲಿ ಅದನ್ನು ಜಾರಿಗೆ ತರುವ ಕಾಯ್ದೆ ಮಾಡಿದರೂ ಹಕ್ಕುಸ್ವಾಮ್ಯದ ಮೂಲ ಚೌಕಟ್ಟು ಹಾಗೇ ಇದೆ.

ಕನ್ನಡ ರಂಗಭೂಮಿಗೆ ಇದು ದೂರದ ವಿಷಯವಲ್ಲ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರು, ಮಾದಪ್ಪನ ಕಾವ್ಯ ಹಾಡುವ ದೇವರಗುಡ್ಡರು ದೀಕ್ಷೆ ಪಡೆದವರು, ಹಾಡುವುದು ಅವರ ಪಾಲಿಗೆ ಒಕ್ಕಲಿನ ಕರ್ತವ್ಯ. ಆ ಕಾವ್ಯಗಳು ಸಂಗ್ರಹವಾಗಿ ಅಚ್ಚಾದವು, ಅವುಗಳಿಂದ ನಾಟಕಗಳು ಬಂದವು. ನಾಟಕದ ಪೋಸ್ಟರಿನಲ್ಲಿ ರಚನೆ, ನಿರ್ದೇಶನ, ಸಂಗೀತದ ಹೆಸರಿರುತ್ತದೆ. ಯಾವ ಗಾಯಕರ ಬಾಯಿಂದ ಆ ಪಾಠ ಬಂತೋ ಅವರ ಹೆಸರೂ ಅಲ್ಲಿರಬೇಕು. ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಯಲ್ಲಿ 1980ರ ದಶಕದಲ್ಲಿ ನೀನಾಸಂ ನಂಟಿನಿಂದ ಆಫ್ರಿಕನ್ ಮೂಲದ ಸಿದ್ದಿ ಸಮುದಾಯದವರು ರಂಗಕ್ಕೆ ಬಂದರು. ನಿರ್ದೇಶಕ ಚಿದಂಬರರಾವ್ ಜಂಬೆ ಈ ನಟರಿಂದ ಮಾಡಿಸಿದ್ದು ಚಿನುವ ಅಚೆಬೆಯ ಆಫ್ರಿಕನ್ ಕಾದಂಬರಿ ಆಧರಿಸಿದ ನಾಟಕ. ನಟರಾಗಿ ಬಂದ ಸಮುದಾಯ ನಾಟಕಕಾರರಾಗಿ ಬೆಳೆಯಲು ಓದಿನ ಉತ್ಸವದಂಥ ಏರ್ಪಾಡೇ ಬೇಕು.

ಭಾರತದ ಕಾಯ್ದೆಯಲ್ಲೂ ಜನಪದ ಕಥೆಗೆ ಲೇಖಕನಿಲ್ಲ, ಆದರೆ ಹಾಡುವವರಿಗೆ ಪ್ರದರ್ಶಕರ ಹಕ್ಕು ಎಂಬುದಿದೆ, ಅದರ ಅವಧಿ 50 ವರ್ಷ. ನೀಲಗಾರರೊಬ್ಬರ ಹಾಡನ್ನು ಮುದ್ರಿಸಿ ನಾಟಕದಲ್ಲಿ ಬಳಸುವ ತಂಡ ಅವರೊಂದಿಗೆ ಕನ್ನಡದಲ್ಲೇ, ಒಂದು ಪುಟದ ಕರಾರು ಬರೆದುಕೊಳ್ಳಬಹುದು: ಎಷ್ಟು ನಿಮಿಷದ ಮುದ್ರಣ, ಯಾವ ನಾಟಕಕ್ಕೆ, ಎಷ್ಟು ಪ್ರದರ್ಶನಕ್ಕೆ, ಪ್ರತಿ ಪ್ರದರ್ಶನಕ್ಕೆ ಎಷ್ಟು ಹಣ, ವಿಡಿಯೊ ಹಾಕುವುದಾದರೆ ಮತ್ತೆ ಕೇಳಬೇಕೆಂಬ ಷರತ್ತು, ಕರಪತ್ರದಲ್ಲಿ ಅವರ ಹೆಸರು ಮತ್ತು ಊರು. ಅಕ್ಷರ ಬಾರದವರಿಗೆ ಊರಿನ ಇಬ್ಬರ ಎದುರು ಓದಿ ಹೇಳಿ, ಒಂದು ಪ್ರತಿಯನ್ನು ಅವರ ಮನೆಯಲ್ಲೇ ಬಿಟ್ಟು ಬರಬೇಕು.